ಉಪಗ್ರಹದಿಂದ ಬ್ಯಾಂಡ್‌ವಿಡ್ತ್ ಪಡೆದು ಊರಿಗೆ ಹಂಚಬಹುದೇ?

ಪ್ರಶ್ನೆ: ಘಟ್ಟದಂಚಿನ ಹಳ್ಳಿಗಳಲ್ಲಿ ನಾನು ಸುಮಾರು 200 ಮನೆಗಳಿಗೆ ಇಂಟರ್ನೆಟ್ ಸಂಪರ್ಕ ಕೊಡುತ್ತಿದ್ದೇನೆ. ಮಳೆಗಾಲದಲ್ಲಿ ಮರ ಬಿದ್ದು ಪೇಟೆಯಿಂದ ಬರುವ ಫೈಬರ್ ತುಂಡಾದರೆ ಎರಡು ಮೂರು ದಿನ ಎಲ್ಲವೂ ನಿಂತುಹೋಗುತ್ತದೆ. ಫೈಬರ್ ಬಿಟ್ಟು ಉಪಗ್ರಹದಿಂದಲೇ ಬ್ಯಾಂಡ್‌ವಿಡ್ತ್ (ದತ್ತಾಂಶ ಸಾಗಿಸುವ ಸಾಮರ್ಥ್ಯ) ಪಡೆಯಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಪಡೆಯಬಹುದು. ನಿಮ್ಮ ಕಂಟ್ರೋಲ್ ರೂಮಿನ ಮೇಲೆ ದೊಡ್ಡ ಡಿಶ್ ಒಂದನ್ನು ನಿಲ್ಲಿಸಿ, ಅಲ್ಲಿಂದ ಮನೆಗಳಿಗೆ ಈಗಿರುವ ಕೇಬಲನ್ನೇ ಬಳಸಿದರಾಯಿತು. ಡಿಶ್ ಮೂಲಕ ಉಪಗ್ರಹ ಸಂಪರ್ಕ ಕೊಡುವ ವಿಸ್ಯಾಟ್ ಕಂಪನಿಗಳು ಟೆಲಿಕಾಂ ಸೇವಾದಾರರಿಗೆ ಹೀಗೆ ಉಪಗ್ರಹ ಸಂಪರ್ಕ ಒದಗಿಸಲು ನಮ್ಮಲ್ಲಿ 2021ರಲ್ಲಿ ಅನುಮತಿ ದೊರೆತಿದೆ. ಪೆಸಿಫಿಕ್ ಸಾಗರದ ಕುಕ್ ದ್ವೀಪಗಳ ಟೆಲಿಕಾಂ ಸಂಸ್ಥೆ 2014ರಿಂದ ಓ3ಬಿ ಎಂಬ ಕಂಪನಿಯ ಉಪಗ್ರಹಗಳ ಮೂಲಕ ಬ್ಯಾಂಡ್‌ವಿಡ್ತ್ ತರಿಸಿ ಜನರಿಗೆ ಹಂಚಿತು. ಆ ಉಪಗ್ರಹಗಳು ಸುಮಾರು 8,062 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ, ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳಾದರೋ 35,786 ಕಿ.ಮೀ. ಎತ್ತರದಲ್ಲಿರುತ್ತವೆ. ಕೋರಿಕೆ ಹೋಗಿ ಉತ್ತರ ಮರಳುವಷ್ಟರಲ್ಲಿ ಸಂಕೇತವು ಈ ಎತ್ತರವನ್ನು ನಾಲ್ಕು ಬಾರಿ ದಾಟಬೇಕಾದ್ದರಿಂದ, ಭೂಸ್ಥಿರ ಉಪಗ್ರಹದಲ್ಲಿ ಬರೀ ದಾರಿಗೇ ಅರ್ಧ ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತದೆ. ಎಷ್ಟು ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ವೇಗದ ಅಳತೆ) ಕೊಂಡರೂ ಈ ವಿಳಂಬ ತಗ್ಗುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುವುದು ಇದರಿಂದಲೇ.

ಆದರೆ ಫೈಬರನ್ನು ಪೂರ್ತಿ ಬಿಡಬೇಡಿ ಎಂದೇ ನಾನು ಹೇಳುತ್ತೇನೆ. 2024ರ ನವೆಂಬರಿನಲ್ಲಿ ಹಾರಿದ ಜಿಸ್ಯಾಟ್-ಎನ್2 ಉಪಗ್ರಹದ ಒಟ್ಟು ಸಾಮರ್ಥ್ಯ 48 ಜಿಬಿಪಿಎಸ್ (48,000 ಎಂಬಿಪಿಎಸ್); ಇಡೀ ದೇಶ ಹಂಚಿಕೊಳ್ಳಬೇಕಾದ ಈ ಮೊತ್ತಕ್ಕಿಂತ ಹೆಚ್ಚಿನದನ್ನು ಒಂದು ಜೊತೆ ಫೈಬರ್ ಎಳೆಯೇ ಹೊರಬಲ್ಲದು. ನೀವು 50 ಎಂಬಿಪಿಎಸ್ ಕೊಂಡಿರಿ ಎನ್ನೋಣ. ಸ್ಪಷ್ಟ ಚಿತ್ರದ ಒಂದು ವಿಡಿಯೊಗೆ 5 ಎಂಬಿಪಿಎಸ್ ಬೇಕಾದರೆ, ರಾತ್ರಿ ಊಟದ ಹೊತ್ತಿಗೆ ಹತ್ತು ಮನೆಯವರು ನೋಡತೊಡಗಿದರೆ ಸಾಕು, ಉಳಿದ 190 ಮನೆಗಳಿಗೆ ಏನೂ ಉಳಿಯುವುದಿಲ್ಲ. ಕುಕ್ ದ್ವೀಪಗಳಿಗೂ 2020ರಲ್ಲಿ ಸಮುದ್ರದಡಿಯ ಕೇಬಲ್ ಬಂದೇ ಬಂತು.

ಜೊತೆಗೆ ನಿಮ್ಮದು ಮಳೆಯ ಸೀಮೆ. ಜಡಿಮಳೆ ಹಿಡಿದಾಗ ಮನೆಯ ಡಿಶ್‌ ಟಿ.ವಿ.ಯ ಚಿತ್ರ ಚೌಕಚೌಕವಾಗಿ ಒಡೆದು ನಿಂತುಹೋಗುವುದನ್ನು ನೀವೇ ನೋಡಿರುತ್ತೀರಿ. ಆ ಟಿ.ವಿ. ಬಳಸುವ ಕೆಯು ಬ್ಯಾಂಡ್ ಎಂಬ ರೇಡಿಯೊ ಆವರ್ತನಗಳಲ್ಲೇ ಬರುವ ಇಂಟರ್ನೆಟ್ಟಿಗೂ ಅದೇ ಗತಿ, ಅದಕ್ಕಿಂತ ಹೆಚ್ಚಿನ ಆವರ್ತನದ ಕೆಎ ಬ್ಯಾಂಡಿಗೆ ಇನ್ನೂ ಹೆಚ್ಚು. ಕಡಿಮೆ ಆವರ್ತನದ ಸಿ ಬ್ಯಾಂಡ್ ಮಳೆಯನ್ನು ತಾಳಿಕೊಳ್ಳುತ್ತದೆ, ಆದರೆ ಅದಕ್ಕೆ ಬಹಳ ದೊಡ್ಡ ಡಿಶ್ ಬೇಕು.

ಹಾಗಾಗಿ ಫೈಬರ್ ಕಡಿದ ದಿನಗಳಿಗಷ್ಟೇ ಉಪಗ್ರಹವನ್ನು ಇಟ್ಟುಕೊಳ್ಳಿ. ಆ ದಿನ ವಿಡಿಯೊಗಳಿಗೆ ಮಿತಿ ಹಾಕಿ, ಆಸ್ಪತ್ರೆ, ಪಂಚಾಯಿತಿ, ಸೊಸೈಟಿ ಬ್ಯಾಂಕು ಮತ್ತು ಫೋನಿನ ಹಣ ಪಾವತಿಗೆ ಮೊದಲ ಪಾಲು ಕೊಡಿ. ಕರಾರಿನಲ್ಲಿ ಗರಿಷ್ಠ ವೇಗಕ್ಕಿಂತ, ಎಲ್ಲರೂ ಬಳಸುವ ಹೊತ್ತಿನಲ್ಲೂ ನಿಮಗೆ ಖಚಿತವಾಗಿ ಸಿಗುವ ಕನಿಷ್ಠ ವೇಗವನ್ನು ಬರೆಸಿಕೊಳ್ಳಿ.

ಪ್ರಶ್ನೆ: ಉಪಗ್ರಹದ ಇಂಟರ್ನೆಟ್ ಎಲ್ಲವೂ ನಮ್ಮ ಹಾಸನದ ಕೇಂದ್ರದ ಮೂಲಕವೇ ಹೋಗುತ್ತದೆಯೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಇಲ್ಲ. ಹಾಸನದ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರ ಉಪಗ್ರಹದ ಕಕ್ಷೆ, ದಿಕ್ಕು ಮತ್ತು ಆರೋಗ್ಯವನ್ನು ನೋಡಿಕೊಳ್ಳುತ್ತದೆ. 2018ರ ಡಿಸೆಂಬರ್ 5ರಂದು ಫ್ರೆಂಚ್ ಗಯಾನಾದಿಂದ ಹಾರಿದ 5,854 ಕಿಲೊ ತೂಕದ ಜಿಸ್ಯಾಟ್-11ರ ಹಿಡಿತವನ್ನು ವಹಿಸಿಕೊಂಡದ್ದೂ ಅದೇ. ಇಂಟರ್ನೆಟ್ಟಿನ ದತ್ತಾಂಶ ಮಾತ್ರ ಗೇಟ್‌ವೇ ಎಂಬ ಬೇರೆ ಭೂಕೇಂದ್ರಗಳಲ್ಲಿ ಇಳಿದು, ಅಲ್ಲಿಂದ ಮತ್ತೆ ಫೈಬರನ್ನೇ ಹಿಡಿದು ಸಾಗುತ್ತದೆ.