ಸಿನಿಮಾ ಹಾಡಾಗಲಿ ಪುಸ್ತಕವಾಗಲಿ ನಿಮ್ಮ ರಾಜಕೀಯ ಅಭಿಪ್ರಾಯ ಬದಲಿಸಿದ್ದುಂಟಾ?

ಉಂಟು. ನನ್ನ ಮಟ್ಟಿಗೆ ಅದು ಶ್ರೀಲಂಕಾದ ಯುದ್ಧದ ವಿಷಯದಲ್ಲಿ. ಬಹುಸಂಖ್ಯಾತ ಸಿಂಹಳೀಯರ ಕೈಲಿದ್ದ ಸರ್ಕಾರಕ್ಕೂ, ತಮಿಳರಿಗೆ ಪ್ರತ್ಯೇಕ ನಾಡು ಬೇಕೆಂದ 'ತಮಿಳು ಹುಲಿ'ಗಳಿಗೂ (ಎಲ್‌ಟಿಟಿಇ) ನಡೆದ ಯುದ್ಧ.

ನಮ್ಮ ಮನೆ ಬೆಂಗಳೂರಿನ ಕೋಣನಕುಂಟೆ ಕಡೆ. ರಾಜೀವ್ ಗಾಂಧಿ ಹತ್ಯೆಯ ಆರೋಪಿ, ಹುಲಿಗಳ ಕಡೆಯ ಶಿವರಾಸನ್ ಮತ್ತು ಜೊತೆಗಾರರು 1991ರ ಆಗಸ್ಟ್‌ನಲ್ಲಿ ಸತ್ತಿದ್ದು ಇಲ್ಲೇ, ಒಂದು ಬಾಡಿಗೆ ಮನೆಯಲ್ಲಿ. ನಾನಾಗ ಚಿಕ್ಕವನು. ಆಮೇಲೆ ಎಷ್ಟೋ ವರ್ಷ ಲಂಕಾದ ತಮಿಳರು ಅಂದರೆ ಸಾಕು, ಮಾತು ಆ ಮನೆ ಹತ್ತಿರವೇ ಹೋಗಿ ನಿಲ್ಲುತ್ತಿತ್ತು.

ಅದನ್ನು ಅಲ್ಲಾಡಿಸಿದ್ದು ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್. 2002ರಲ್ಲಿ ಬಂದ ಮಣಿರತ್ನಂ ಸಿನಿಮಾ, 'ಕನ್ನತ್ತಿಲ್ ಮುತ್ತಮಿಟ್ಟಾಲ್'. ರೆಹಮಾನ್ ಸಂಗೀತ. ಅದರಲ್ಲಿ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊರಡುವಾಗ ಬರುವ ಹಾಡೊಂದಿದೆ. ಹಾಡಿದವರಲ್ಲಿ ಎಂ.ಎಸ್. ವಿಶ್ವನಾಥನ್ ಕೂಡ ಒಬ್ಬರು, ಅದೂ ಆ ವಯಸ್ಸಿನ ದನಿಯಲ್ಲಿ. ನನಗೆ ಬರುವ ತಮಿಳು ತರಕಾರಿ ಕೊಳ್ಳೋದಕ್ಕೆ ಸಾಕು, ಅಷ್ಟೇ. ಆದರೂ ಕಣ್ಣು ಮುಚ್ಚಿದರೆ ಒಬ್ಬ ಅಜ್ಜ ಕಾಣುತ್ತಿದ್ದ. ಮನೆಗೆ ಬೀಗ ಹಾಕಿ, ಬೀಗದ ಕೈ ಯಾರಿಗೆ ಕೊಡೋದು ಅಂತ ಗೊತ್ತಾಗದೆ ನಿಂತವನು. ಅವನು ಸಿನಿಮಾದವನಲ್ಲ, ನಾನೇ ಕಟ್ಟಿಕೊಂಡವನು.

ಅಲ್ಲಿಂದ ನಾನು ಒಂದೇ ಜಿಗಿತಕ್ಕೆ ಆಚೆ ದಡದಲ್ಲಿದ್ದೆ. ಸಿಂಹಳೀಯರು ಕೆಟ್ಟವರು, ತಮಿಳರು ಪಾಪದವರು, ಲೆಕ್ಕ ಚುಕ್ತಾ. (ಅದೇ ಸಿನಿಮಾದಲ್ಲಿ ನಮ್ಮ ಪ್ರಕಾಶ್ ರಾಜ್ ಮಾಡಿದ ಸಿಂಹಳೀಯ ಎಷ್ಟು ಒಳ್ಳೆಯವನು! ಹಾಡಿನ ಗುಂಗಲ್ಲಿ ಅವನು ಮರೆತೇ ಹೋಗಿದ್ದ.)

ಓದೋಕೆ ಶುರು ಮಾಡಿದ್ದೂ ಆ ಹಾಡಿನಿಂದಲೇ. ಮೊದಮೊದಲು ಓದಿದ್ದೆಲ್ಲ ನನ್ನ ಕಡೆಗೇ ಇತ್ತು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಅಂತ ಕಾನೂನು. 1981ರಲ್ಲಿ ಉತ್ತರದ ತಮಿಳರ ಊರು ಜಾಫ್ನಾದ ಗ್ರಂಥಾಲಯಕ್ಕೆ ಬೆಂಕಿ, ಸುಮಾರು 97,000 ಪುಸ್ತಕ ಬೂದಿ. 1983ರ ಜುಲೈನಲ್ಲಿ ತಮಿಳರ ಹತ್ಯಾಕಾಂಡ.

ಆಮೇಲೆ ಸಿಕ್ಕಿದ್ದು 'ದಿ ಬ್ರೋಕನ್ ಪಾಲ್ಮೈರಾ' ಅನ್ನೋ ಪುಸ್ತಕ. ಜಾಫ್ನಾ ವಿಶ್ವವಿದ್ಯಾಲಯದ ನಾಲ್ವರು ಸೇರಿ ಬರೆದದ್ದು. ಅದು ಯಾರನ್ನೂ ಬಿಡುವುದಿಲ್ಲ. ಲಂಕಾ ಸೈನ್ಯ, ಹುಲಿಗಳು, ಶಾಂತಿ ಕಾಪಾಡಲು ಹೋದ ನಮ್ಮ ಸೈನ್ಯ, ಎಲ್ಲರ ತಪ್ಪೂ ಅದರಲ್ಲಿದೆ. 1987ರ ಅಕ್ಟೋಬರ್‌ನಲ್ಲಿ ನಮ್ಮ ಸೈನಿಕರು ಜಾಫ್ನಾ ಆಸ್ಪತ್ರೆ ಹೊಕ್ಕಾಗ ರೋಗಿಗಳು, ಡಾಕ್ಟರು, ನರ್ಸುಗಳು ಸತ್ತಿದ್ದನ್ನು ತಿಳಿದ ದಿನ ಪುಸ್ತಕ ಮುಚ್ಚಿಟ್ಟೆ. ಮತ್ತೆ ತೆಗೆಯೋಕೆ ವಾರ ಹಿಡಿಯಿತು. ಬರೆದವರಲ್ಲಿ ಒಬ್ಬರು ರಜನಿ ತಿರಣಗಾಮ, ಅಂಗರಚನಾಶಾಸ್ತ್ರದ ಅಧ್ಯಾಪಕಿ. ಹಿಂದೆ ಹುಲಿಗಳ ಜೊತೆಗೇ ಇದ್ದವರು. 1989ರ ಸೆಪ್ಟೆಂಬರ್ 21ರಂದು ಕೆಲಸ ಮುಗಿಸಿ ಸೈಕಲ್‌ನಲ್ಲಿ ಮನೆಗೆ ಹೊರಟಾಗ ಗುಂಡಿಟ್ಟು ಕೊಂದರು. ಕೊಂದದ್ದು ಹುಲಿಗಳೇ ಅಂತ ಹೆಚ್ಚಿನವರು ಹೇಳುತ್ತಾರೆ. ಪುಸ್ತಕ ಅಚ್ಚಾಗಿ ಬಂದದ್ದು ಅವರು ಹೋದ ಮೇಲೆ, 1990ರಲ್ಲಿ.

ಅದೇ 1990ರ ಅಕ್ಟೋಬರ್ ಕೊನೆಗೆ ಹುಲಿಗಳು ಜಾಫ್ನಾದ ಮುಸ್ಲಿಮರಿಗೆ ಊರು ಬಿಡಿ ಅಂದರು. ಕೊಟ್ಟ ಗಡುವು ಎರಡು ಗಂಟೆ. ಒಡವೆ, ದುಡ್ಡು ಕಿತ್ತುಕೊಂಡು ಕಳಿಸಿದರು. ಆ ತಿಂಗಳು ಉತ್ತರ ಪ್ರಾಂತ್ಯದಿಂದ ಹೀಗೆ ಹೊರಟವರು ಹತ್ತಾರು ಸಾವಿರ ಜನ. ಅವರ ಮನೆಮಾತೂ ತಮಿಳೇ, ಅಲ್ವಾ? ನನ್ನ ಕ್ಯಾಸೆಟ್ಟಿನ ಹಾಡು ಅವರಿಗೆ ಪೂರ್ತಿ ಅರ್ಥವಾಗುತ್ತದೆ.

ಈಗಲೂ ಆ ಹಾಡು ಕೇಳುತ್ತೇನೆ. ಅಜ್ಜ ಬೀಗದ ಕೈ ಹಿಡಿದು ನಿಂತೇ ಇರುತ್ತಾನೆ. ಒಮ್ಮೊಮ್ಮೆ ಅವನ ತಲೆ ಮೇಲೊಂದು ಬಿಳಿ ಟೋಪಿ.