ಅಮ್ಮ ‘ಚೆನ್ನಾಗಿಯೇ ಇದ್ದೇನೆ’ ಎನ್ನುತ್ತಾರೆ, ವಾಲ್ವ್ ಬದಲಿಸಲು ಕಾಯಬಹುದೇ?

ನಿಮ್ಮ ತಾಯಿಯವರಿಗೆ 78 ವರ್ಷ, ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ವಾಲ್ವ್ ತೀರಾ ಕಿರಿದಾಗಿದೆ, ವೈದ್ಯರು ಟಾವಿ (ಎದೆ ತೆರೆಯದೆ ರಕ್ತನಾಳದ ಮೂಲಕ ಹೊಸ ವಾಲ್ವ್ ಕೂರಿಸುವುದು) ಮಾಡಿಸಿ ಎಂದಿದ್ದಾರೆ, ತಾಯಿಯವರು ಮಾತ್ರೆಯೇ ಸಾಕು ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ಅಪ್ಪನಿಗೆ 81ನೆಯ ವಯಸ್ಸಿನಲ್ಲಿ ಇದನ್ನೇ ಮಾಡಿಸಿದವನು. ದಯವಿಟ್ಟು ತಡಮಾಡಬೇಡಿ.

ಅಪ್ಪನೂ ಚೆನ್ನಾಗಿದ್ದೇನೆ ಎಂದೇ ಹೇಳುತ್ತಿದ್ದರು. ಮಹಡಿ ಹತ್ತುವಾಗ ಮೆಟ್ಟಿಲ ತಿರುವಿನಲ್ಲಿ ನಿಂತು ಕನ್ನಡಕ ತೆಗೆದು ಒರೆಸುತ್ತಿದ್ದರು. ಅವರಿಗೆ ಉಸಿರು ಸಾಲುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಅವರು ತಲೆಸುತ್ತಿ ಬಿದ್ದ ದಿನ. ಹಾಗಾಗಿ ಅಮ್ಮನನ್ನು ‘ಹೇಗಿದ್ದೀಯಾ’ ಎಂದು ಕೇಳಬೇಡಿ. ಒಂದು ವರ್ಷದಿಂದ ಯಾವ ಯಾವ ಕೆಲಸ ಬಿಟ್ಟಿದ್ದಾರೆ ಎಂದು ನೋಡಿ.

ಮೂರರಿಂದ ನಾಲ್ಕು ಚದರ ಸೆಂಟಿಮೀಟರ್ ತೆರೆದುಕೊಳ್ಳಬೇಕಾದ ವಾಲ್ವ್ ಸುಣ್ಣಗಟ್ಟಿ ಒಂದಕ್ಕಿಂತ ಕಡಿಮೆಯಾದಾಗ ಅದನ್ನು ತೀವ್ರ ಎನ್ನುತ್ತಾರೆ. ಆ ಸುಣ್ಣವನ್ನು ಕರಗಿಸುವ ಮಾತ್ರೆ ಇಲ್ಲ. 2010ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿದ್ದವರು ಎದೆ ತೆರೆಯುವ ಶಸ್ತ್ರಚಿಕಿತ್ಸೆಯನ್ನು ತಾಳಲಾರದ ರೋಗಿಗಳು. ಮಾಮೂಲಿ ಚಿಕಿತ್ಸೆಯಲ್ಲೇ ಉಳಿದವರಲ್ಲಿ ಅರ್ಧದಷ್ಟು ಜನ ವರ್ಷದೊಳಗೆ ತೀರಿಕೊಂಡರು. ಟಾವಿ ಆದವರಲ್ಲಿ ಶೇ. 31ರಷ್ಟು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟಾವಿಯಲ್ಲಿ ತೊಡೆಸಂದಿನ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಹೃದಯದವರೆಗೆ ತೂರಿಸುತ್ತಾರೆ. ಅದರ ತುದಿಯಲ್ಲಿ ಲೋಹದ ಬಲೆಯೊಳಗೆ ಮಡಚಿಟ್ಟ ಹೊಸ ವಾಲ್ವ್ ಇರುತ್ತದೆ. ಹಸು ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿದ್ದು. ಹಳೆಯದನ್ನು ಕಿತ್ತು ತೆಗೆಯುವುದಿಲ್ಲ, ಹೊಸದು ಅರಳುತ್ತಾ ಅದನ್ನು ಪಕ್ಕಕ್ಕೆ ಒತ್ತಿ ಕೂರುತ್ತದೆ. ಅಪ್ಪ ಅರೆಮಂಪರಿನಲ್ಲಿದ್ದರು, ಮರುದಿನ ಎದ್ದು ನಡೆದರು.

ಆದರೆ ಅಪಾಯವೇ ಇಲ್ಲವೆಂದು ಹೇಳಲಾರೆ. ಹೃದಯದ ಬಡಿತವನ್ನು ನಡೆಸುವ ವಿದ್ಯುತ್ ಹಾದಿ ಆ ವಾಲ್ವಿಗೆ ಅಂಟಿಕೊಂಡಂತೆ ಸಾಗುತ್ತದೆ. ಹೊಸದು ಅದನ್ನು ಒತ್ತಿದ್ದರಿಂದ ಅಪ್ಪನಿಗೆ ಮೂರನೆಯ ದಿನ ಪೇಸ್‌ಮೇಕರ್ ಹಾಕಬೇಕಾಯಿತು. ಪಾರ್ಶ್ವವಾಯು, ತೊಡೆಸಂದಿನಲ್ಲಿ ರಕ್ತಸ್ರಾವ, ವಾಲ್ವಿನ ಅಂಚಿನಲ್ಲಿ ಸೋರಿಕೆ, ಇವೂ ಆಗಬಹುದು. ನಿಮ್ಮ ತಾಯಿಯವರಿಗೆ ಎಷ್ಟರಮಟ್ಟಿಗೆ ಎಂಬುದನ್ನು ವೈದ್ಯರಿಂದಲೇ ಬಾಯಿಬಿಟ್ಟು ಕೇಳಿ.

ಮೊದಲು ಸಿ.ಟಿ. ಸ್ಕ್ಯಾನ್ ಆಗಲಿ. ರಕ್ತನಾಳದ ಅಗಲ, ವಾಲ್ವ್ ಕೂರುವ ಜಾಗದ ಅಳತೆ ತಿಳಿಯದೆ ಯಾರೂ ಖಚಿತವಾಗಿ ಹೇಳಲಾರರು; ಅಳತೆ ಹೊಂದದಿದ್ದರೆ ಎದೆ ತೆರೆಯುವುದೇ ಸರಿಯಾದ ದಾರಿ ಆಗಿರಬಹುದು. ಜೊತೆಗೆ ದಂತವೈದ್ಯರ ಬಳಿಯೂ ಕರೆದೊಯ್ಯಿರಿ. ಹುಳುಕು ಹಲ್ಲಿನ ಸೋಂಕು ರಕ್ತದ ಮೂಲಕ ಹೊಸ ವಾಲ್ವಿಗೆ ಹತ್ತಬಹುದು, ಅದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು.