ಜಿನೀವಾದಲ್ಲಿ ಎರಡು ದಿನ ಕಳೆಯುವಷ್ಟು ಏನಿದೆ?

ಜಿನೀವಾ ಬರೀ ಕಚೇರಿಗಳ ಊರು, ಅಲ್ಲಿ ಕಾರಂಜಿಯೊಂದನ್ನು ಬಿಟ್ಟರೆ ನೋಡುವಂಥದ್ದೇನಿಲ್ಲ, ವಿಮಾನ ಇಳಿದವರು ನೇರವಾಗಿ ಹಿಮಪರ್ವತಗಳ ತಪ್ಪಲಿನ ಇಂಟರ್‌ಲಾಕನ್ ಊರಿನ ರೈಲು ಹತ್ತುವುದೇ ವಾಸಿ ಎಂದು ಪರಿಚಿತರು ಹೇಳಿರುವುದಾಗಿ ಬರೆದಿದ್ದೀರಿ. ಉದ್ಯೋಗದ ನಿಮಿತ್ತ ಮೂರು ವರ್ಷ ಅಲ್ಲಿ ವಾಸವಾಗಿದ್ದೆ. ಹಿಮಪರ್ವತವೊಂದೇ ಸಾಕು ಎನ್ನುವವರಿಗೆ ಅವರ ಸಲಹೆ ಸರಿಯಾದದ್ದೇ. ಆದರೆ ಸುಮಾರು ಎರಡು ಲಕ್ಷ ಜನರ ಊರೊಂದು ಲೋಕದ ವ್ಯಾಜ್ಯಗಳಿಗೆಲ್ಲ ಪಂಚಾಯಿತಿ ಕಟ್ಟೆಯಾದದ್ದು ಹೇಗೆ ಎಂಬ ಕುತೂಹಲ ನಿಮಗಿದ್ದರೆ ಎರಡು ದಿನ ಹೆಚ್ಚೇನೂ ಅಲ್ಲ.

ಊರಿನ ನಕ್ಷೆ ಸುಲಭ. ಸ್ಥಳೀಯರು ಲೆಮಾನ್ ಎಂದು ಕರೆಯುವ ಸರೋವರ ಇಲ್ಲಿಗೆ ಬಂದು ಕಿರಿದಾಗಿ, ಮೋಂಬ್ಲಾಂ ಸೇತುವೆಯ ಬಳಿ ರೋನ್ ನದಿಯಾಗಿ ಹೊರಬೀಳುತ್ತದೆ. ಬಲದಂಡೆಯಲ್ಲಿ ರೈಲು ನಿಲ್ದಾಣ ಮತ್ತು ವಿಶ್ವಸಂಸ್ಥೆ, ಎಡದಂಡೆಯ ಗುಡ್ಡದ ಮೇಲೆ ಹಳೆಯ ಊರು. ಜಿನೀವಾ ಪ್ರಾಂತ್ಯಕ್ಕೆ ಫ್ರಾನ್ಸಿನೊಂದಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ಗಡಿಯಿದ್ದರೆ, ಸ್ವಿಟ್ಜರ್ಲೆಂಡಿನ ಉಳಿದ ಭಾಗಕ್ಕೆ ಅದನ್ನು ಬೆಸೆದಿರುವುದು ನಾಲ್ಕೂವರೆ ಕಿಲೋಮೀಟರಿನಷ್ಟು ಅಂಚು ಮಾತ್ರ. ಒಕ್ಕೂಟಕ್ಕೆ ಅದು ಸೇರಿದ್ದೂ 1815ರಲ್ಲಿ. ಅದಕ್ಕೆ ಮುಂಚೆ ಬಹುಕಾಲ ಅದು ತನ್ನಷ್ಟಕ್ಕೆ ತಾನೇ ಒಂದು ಗಣರಾಜ್ಯವಾಗಿತ್ತು.

ಕಾರಂಜಿಯನ್ನು ಹೀಗಳೆಯುವವರು ಅದರ ಕಥೆ ಕೇಳಿರಲಾರರು. 1886ರಲ್ಲಿ ರೋನ್ ನದಿಯ ಪಂಪುಮನೆಯಿಂದ ಊರಿನ ಕಾರ್ಖಾನೆಗಳಿಗೆ ಒತ್ತಡದ ನೀರು ಹರಿಯುತ್ತಿತ್ತು. ಸಂಜೆ ಕುಶಲಕರ್ಮಿಗಳು ಯಂತ್ರಗಳನ್ನು ನಿಲ್ಲಿಸಿ ಮನೆಗೆ ಹೊರಟೊಡನೆ ಕೊಳವೆಗಳಲ್ಲಿ ಒತ್ತಡ ಏರುತ್ತಿದ್ದುದರಿಂದ, ಹೆಚ್ಚಿನ ನೀರನ್ನು ಆಕಾಶಕ್ಕೆ ಬಿಡಲು ಒಂದು ಬಾಯಿ ಮಾಡಿದರು. ಊರವರಿಗೆ ಅದೇ ನೋಟ ಹಿಡಿಸಿತು. 1891ರಲ್ಲಿ ಅದನ್ನು ಸರೋವರಕ್ಕೆ ಸ್ಥಳಾಂತರಿಸಲಾಯಿತು. ಈಗ ಸೆಕೆಂಡಿಗೆ 500 ಲೀಟರ್ ನೀರು, ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಚಿಮ್ಮಿ 140 ಮೀಟರ್ ಎತ್ತರಕ್ಕೆ ಏರುತ್ತದೆ. ಸೇತುವೆಯ ಮೇಲಿನಿಂದ ಚಿತ್ರ ತೆಗೆದುಕೊಂಡು ಹಿಂದಿರುಗಬೇಡಿ; ಎಡದಂಡೆಯ ಕಲ್ಲುಕಟ್ಟೆಯ ಮೇಲೆ ಅದರ ಬುಡದವರೆಗೂ ನಡೆದು ಹೋಗಿ. ಅಲ್ಲಿ ಮೊದಲು ಅರಿವಿಗೆ ಬರುವುದು ಸದ್ದು, ಆಮೇಲೆ ನೀರಿನ ಬಿಳುಪು. ನಾನು ಮೊದಲ ಸಲ ನಿಂತಿದ್ದಾಗ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ, ಪಕ್ಕದಲ್ಲಿದ್ದ ಪ್ರವಾಸಿ ಕುಟುಂಬದೊಂದಿಗೆ ನನ್ನನ್ನೂ ಅಂಗಿಯ ಕಾಲರಿನಿಂದ ಕಾಲುಚೀಲದವರೆಗೆ ತೋಯಿಸಿಬಿಟ್ಟಿತು. ಗಾಳಿ ಜೋರಾದ ದಿನ ಕಾರಂಜಿಯನ್ನೇ ನಿಲ್ಲಿಸುತ್ತಾರೆ.

ಹಳೆಯ ಊರಿಗೆ ಅರ್ಧ ದಿನ ಕೊಡಿ. ಸೇಂಟ್ ಪಿಯರ್ ಚರ್ಚಿನ ಗೋಪುರಕ್ಕೆ 157 ಮೆಟ್ಟಿಲು. ಮೇಲಿನಿಂದ ಸರೋವರ, ಛಾವಣಿಗಳು, ಮೋಡವಿಲ್ಲದಿದ್ದರೆ ಮೋಂಬ್ಲಾಂ ಶಿಖರ ಎಲ್ಲವೂ ಒಮ್ಮೆಗೇ ಕಾಣುತ್ತವೆ. 1536ರಲ್ಲಿ ಇಲ್ಲಿಗೆ ಬಂದ ಪ್ರೊಟೆಸ್ಟೆಂಟ್ ಧರ್ಮಸುಧಾರಕ ಕ್ಯಾಲ್ವಿನ್ ಬೋಧಿಸುತ್ತಿದ್ದುದು ಈ ಚರ್ಚಿನಲ್ಲೇ. ಅವನ ಕಾಲದಿಂದ ಮೊದಲ್ಗೊಂಡು ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಪ್ರೊಟೆಸ್ಟೆಂಟರು ಈ ಊರಿನಲ್ಲಿ ಆಶ್ರಯ ಪಡೆದರು, ಅವರ ಕೈಕಸುಬಿನಿಂದ ಗಡಿಯಾರದ ಉದ್ಯಮ ಬೆಳೆಯಿತು. ಅಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ ಪುರಭವನವಿದೆ. ಅದರ ಒಂದು ಕೋಣೆಯಲ್ಲಿಯೇ 1864ರಲ್ಲಿ ಯುದ್ಧದ ಗಾಯಾಳುಗಳ ರಕ್ಷಣೆಗೆಂದು ಮೊದಲನೆಯ ಜಿನೀವಾ ಒಪ್ಪಂದಕ್ಕೆ ಸಹಿ ಬಿದ್ದದ್ದು, 1872ರಲ್ಲಿ ಅಮೆರಿಕದ ಅಂತರ್ಯುದ್ಧದ ವೇಳೆ ದಕ್ಷಿಣದ ಬಂಡಾಯಗಾರರಿಗಾಗಿ ಬ್ರಿಟನ್ನಿನಲ್ಲಿ ಕಟ್ಟಿದ ಅಲಬಾಮಾ ಹಡಗಿನ ಬಗ್ಗೆ ಅಮೆರಿಕ ಮತ್ತು ಬ್ರಿಟನ್ ನಡುವಿನ ವ್ಯಾಜ್ಯ ತೀರ್ಮಾನವಾದದ್ದು. ಊರಿನ ಅಂತರರಾಷ್ಟ್ರೀಯತೆಯನ್ನು ವಿಶ್ವಸಂಸ್ಥೆಯ ಧ್ವಜಸಾಲಿನಲ್ಲಿ ಹುಡುಕುವವರು ಈ ಕಲ್ಲಿನ ಅಂಗಳಕ್ಕೆ ಮೊದಲು ಬರಬೇಕೆಂಬುದು ನನ್ನ ಅಭಿಪ್ರಾಯ. ಅದರ ಹಿಂಬದಿಯ ಟ್ರೇಯ್ ಎಂಬ ವಿಹಾರಪಥದಲ್ಲಿ ಒಂದು ಚೆಸ್ಟ್‌ನಟ್ ಮರವಿದೆ. ಅದರ ಮೊದಲ ಚಿಗುರು ಒಡೆದ ದಿನವನ್ನು ಸರಕಾರಿ ಅಧಿಕಾರಿಯೊಬ್ಬರು 1818ರಿಂದಲೂ ದಾಖಲಿಸಿ ವಸಂತ ಬಂತೆಂದು ಸಾರುತ್ತ ಬಂದಿದ್ದಾರೆ. ಒಪ್ಪಂದಕ್ಕಷ್ಟೇ ಅಲ್ಲ, ಚಿಗುರಿಗೂ ಕಡತ ಇಡುವ ಊರು ಅದು.

ಮಧ್ಯಾಹ್ನ 15ನೇ ಸಂಖ್ಯೆಯ ಟ್ರಾಮ್ ಹಿಡಿದು ನಾಸಿಯೋಂ ಚೌಕಕ್ಕೆ ಹೋಗಿ. ಒಂದು ಕಾಲು ಮುರಿದ 12 ಮೀಟರ್ ಎತ್ತರದ ಮರದ ಕುರ್ಚಿ, ನೆಲಬಾಂಬುಗಳ ವಿರುದ್ಧ 1997ರಲ್ಲಿ ನಿಲ್ಲಿಸಿದ್ದು, ವಿಶ್ವಸಂಸ್ಥೆಯ ದ್ವಾರಕ್ಕೆ ಎದುರಾಗಿಯೇ ನಿಂತಿದೆ. ಒಳಗೆ ಹೋಗಲು ಮುಂಗಡ ನೋಂದಣಿ ಮತ್ತು ಪಾಸ್‌ಪೋರ್ಟ್ ಬೇಕು. ಪಕ್ಕದ ರೆಡ್‌ಕ್ರಾಸ್ ವಸ್ತುಸಂಗ್ರಹಾಲಯವನ್ನು ಮಾತ್ರ ಬಿಡಬೇಡಿ. ಮೊದಲ ಮಹಾಯುದ್ಧದ ಸೆರೆಯಾಳುಗಳನ್ನು ಪತ್ತೆಹಚ್ಚಲು ಕೈಯಿಂದ ಬರೆದಿಟ್ಟ ಲಕ್ಷಾಂತರ ಚೀಟಿಗಳು ಅಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಕಪಾಟು ತುಂಬಿವೆ. ಒಂದೊಂದು ಚೀಟಿಯೂ ಯಾವುದೋ ಮನೆಯವರು ಕಾದು ಕುಳಿತ ಒಬ್ಬನ ಹೆಸರು.

ಎರಡನೆಯ ದಿನ ಬೆಳಿಗ್ಗೆ 18ನೇ ಸಂಖ್ಯೆಯ ಟ್ರಾಮ್ ಕೊನೆಯ ನಿಲ್ದಾಣವಾದ ಸರ್ನ್ ಎಂಬ ಕಣಭೌತಶಾಸ್ತ್ರದ ಸಂಶೋಧನಾ ಸಂಸ್ಥೆಗೆ ಮುಟ್ಟಿಸುತ್ತದೆ. 27 ಕಿಲೋಮೀಟರ್ ಸುತ್ತಳತೆಯ ಕಣವೇಗವರ್ಧಕ ನೆಲದಡಿಯಲ್ಲಿದೆಯಾದ್ದರಿಂದ ಅದು ಕಾಣಸಿಗದು. ಆದರೆ 2023ರಲ್ಲಿ ತೆರೆದ ಸೈನ್ಸ್ ಗೇಟ್‌ವೇ ಪ್ರದರ್ಶನಾಲಯಕ್ಕೆ ಪ್ರವೇಶ ಉಚಿತ, ಮಕ್ಕಳಿದ್ದರೆ ಇಡೀ ಬೆಳಗು ಅಲ್ಲೇ ಕಳೆದೀತು. ಸೋಮವಾರ ರಜೆ. ಭಾರತ ಸರಕಾರ 2004ರಲ್ಲಿ ಕೊಟ್ಟ ಎರಡು ಮೀಟರ್ ಎತ್ತರದ ನಟರಾಜನ ವಿಗ್ರಹ ಇರುವುದು ಸಂಸ್ಥೆಯ ಒಳಾವರಣದಲ್ಲಿ, ಹಾಗಾಗಿ ಎಲ್ಲ ಸಂದರ್ಶಕರಿಗೂ ಅದರ ದರ್ಶನವಾಗುವುದಿಲ್ಲ.

ಖರ್ಚಿನ ವಿಷಯದಲ್ಲಿ ನಿಮ್ಮ ಅಳುಕು ನ್ಯಾಯವಾದದ್ದು. ಹೋಟೆಲಿನಲ್ಲಿ ತಂಗಿದವರಿಗೆ ಬಸ್ಸು, ಟ್ರಾಮು ಮತ್ತು ಸರೋವರದ ಪುಟ್ಟ ಹಳದಿ ದೋಣಿಗಳಲ್ಲಿ ಉಚಿತವಾಗಿ ಓಡಾಡುವ ಕಾರ್ಡ್ ಸಿಗುತ್ತದೆ, ಕೇಳಿ ಪಡೆಯಿರಿ. ಬೀದಿಯ ನಲ್ಲಿಗಳ ನೀರು ಕುಡಿಯಲು ಯೋಗ್ಯ. ನೀರಿನ ಬಾಟಲಿಗೆ ದುಡ್ಡು ಸುರಿಯುವುದು ದಂಡ. ಊಟಕ್ಕೆ ಸರೋವರದ ಪಾಕಿ ಎಂಬ ಸ್ನಾನಘಟ್ಟದ ಉಪಾಹಾರಗೃಹ ಸರಳ ಮತ್ತು ಸೊಗಸು. ಆದರೆ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಒಂದು ಮಾತು: ಫಾಂಡ್ಯು ಎಂಬ ಕರಗಿಸಿದ ಚೀಸಿನ ಖಾದ್ಯಕ್ಕೆ ಬಿಳಿ ವೈನ್ ಬೆರೆಸುತ್ತಾರೆ, ಅದರ ಗ್ರುಯೇರ್ ಚೀಸಿಗೆ ಸಾಂಪ್ರದಾಯಿಕವಾಗಿ ಬಳಸುವ ಹೆಪ್ಪು ಕರುವಿನ ಜಠರದ್ದು.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಅಂಥ ದಿನ ಅಲ್ಲಿದ್ದರೆ ಸಂಜೆಗೆ ಜೋಂಕ್ಸ್ಯೋಂ ಬಡಾವಣೆಯ ರೈಲು ಸೇತುವೆಯ ಕಾಲುದಾರಿಗೆ ಹೋಗಿ. ಕೆಳಗೆ, ಸರೋವರದಲ್ಲಿ ಹೂಳೆಲ್ಲ ಇಳಿದು ತಿಳಿಯಾದ ರೋನ್ ನೀಲಿಹಸಿರಾಗಿ ಬರುತ್ತದೆ. ಮೋಂಬ್ಲಾಂ ಕಡೆಯ ಹಿಮನದಿಗಳ ಕಲ್ಲುಪುಡಿಯನ್ನು ಹೊತ್ತ ಆರ್ವ್ ನದಿ ಸಿಮೆಂಟು ಕಲಸಿದ ನೀರಿನಂತೆ ಬರುತ್ತದೆ. ಕೂಡಿದ ಮೇಲೂ ಎರಡು ಬಣ್ಣಗಳು ನಡುವೆ ಗೆರೆ ಎಳೆದಂತೆ ಬಹುದೂರ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಬೇಸಿಗೆಯಲ್ಲಿ ಹಿಮ ಕರಗುವಾಗ ಆ ಗೆರೆ ತೀರ ಸ್ಪಷ್ಟ. ಇದಕ್ಕೆ ಟಿಕೀಟಿಲ್ಲ, ನೋಂದಣಿಯೂ ಇಲ್ಲ.